ಸೊಲ್ಲಾಪುರದಲ್ಲಿ ಡೆರಿಕ್‌ನ ಸೂತಕ

ಭೀಮೆಯ ಆಚೆ

ನನ್ನ ಪರಿಚಯದವರು ಪರದೇಶಕ್ಕೆ ಹೋಗಿಬಂದು ಬರೆದರೆ ಅದರಲ್ಲಿ ವಿಮಾನ ಇರುತ್ತದೆ, ಹಿಮ ಇರುತ್ತದೆ, ಏನಿಲ್ಲವೆಂದರೂ ಸಿಡುಕುಮೋರೆಯ ಒಬ್ಬ ಕಸ್ಟಮ್ಸ್ ಅಧಿಕಾರಿ ಇರುತ್ತಾನೆ. ನಾನು ಹೋದ ಪರದೇಶಕ್ಕೆ ಮೀಟರ್ ಗೇಜಿನ ರೈಲು ಹೋಗುತ್ತದೆ. ಮೈಸೂರಿನಿಂದ ಅರಸೀಕೆರೆ, ಹುಬ್ಬಳ್ಳಿ, ಗದಗ, ವಿಜಾಪುರ ಎಂದು ಕುಲುಕಿಸಿ ಕುಲುಕಿಸಿ, ಭೀಮಾನದಿಯ ಸೇತುವೆ ದಾಟಿಸಿ, ಕೊನೆಗೆ ಸೊಲ್ಲಾಪುರದಲ್ಲಿ ಇಳಿಸುತ್ತದೆ. ಸೇತುವೆ ದಾಟುವಾಗ ನಾನು ಎದ್ದು ನಿಂತು ನೋಡಿದೆ. ಆಚೆ ದಂಡೆಯಲ್ಲೂ ಈಚೆಯಂಥದೇ ಕಪ್ಪು ಮಣ್ಣಿತ್ತು. ಆದರೂ ಮೈಸೂರಿನ ರಾಜ್ಯ ಮುಗಿಯಿತಲ್ಲ ಎಂದು ಎದೆ ಸ್ವಲ್ಪ ಹೊಡೆದುಕೊಂಡಿತು. ಕಾಲೇಜಿನ ಲೈಬ್ರರಿಯಲ್ಲಿ ಕಾರ್ಡು ಜೋಡಿಸುವವನಿಗೆ ಅಷ್ಟೇ ಸಾಕು.

ಹೋದ ಕಾರಣ ಸಾವು. ಹಿಂದಿನ ವಾರ ತಂತಿ ಬಂದಿತ್ತು: "ಡೆರಿಕ್ ತೀರಿಕೊಂಡ. ರೆಕಾರ್ಡು ತೆಗೆದುಕೊಂಡು ಹೊರಡು. ವಿಜಯ್." ನಮ್ಮ ಹೆಡ್ ಕ್ಲಾರ್ಕು ತಂತಿಯನ್ನು ಎರಡು ಸಲ ಓದಿ, ನನ್ನ ವಂಶದ ಬಗ್ಗೆ ಏನೋ ತಿಳಿಯಬಾರದ್ದು ತಿಳಿದವರ ಹಾಗೆ ಮುಖ ಮಾಡಿ ರಜೆ ಕೊಟ್ಟರು.

ಡೆರಿಕ್ ಹಾಲೋವೆಲ್ ಇಂಗ್ಲೆಂಡಿನ ಒಂದು ರಾಕ್ ತಂಡದಲ್ಲಿ ಆರ್ಗನ್ ನುಡಿಸುತ್ತಿದ್ದವನು. ಆ ತಂಡದ ಹಾಡುಗಳು ಮೂರು ನಿಮಿಷದವಲ್ಲ. ಒಂದೊಂದು ಹಾಡು ಎಲ್‌ಪಿ ರೆಕಾರ್ಡಿನ ಇಡೀ ಒಂದು ಬದಿಯನ್ನು ತಿನ್ನುತ್ತಿತ್ತು. ಚರ್ಚಿನ ಪ್ರಾರ್ಥನೆಯ ಹಾಗೆ ಶುರುವಾಗಿ, ನಡುವೆ ಹಿಟ್ಟಿನ ಗಿರಣಿಯ ಹಾಗೆ ಗದ್ದಲವೆದ್ದು, ಇನ್ನೇನು ಮುಗಿಯಿತು ಎನ್ನುವಾಗ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮೈಸೂರಿನಲ್ಲಿ ಅದನ್ನು ಕೇಳುತ್ತಿದ್ದವನು ನಾನೊಬ್ಬನೇ ಇರಬೇಕು. ನನ್ನ ಮನೆ ಮಾಲೀಕರು ನಾನು ರೇಡಿಯೊ ರಿಪೇರಿ ಕಲಿಯುತ್ತಿದ್ದೇನೆ ಎಂದೇ ನಂಬಿದ್ದರು. ಹಾಗಿರುವಾಗ ಒಂದು ಪತ್ರಿಕೆಯ ಪತ್ರಮಿತ್ರರ ಅಂಕಣದಲ್ಲಿ ನನ್ನ ಹೆಸರು ನೋಡಿ ಸೊಲ್ಲಾಪುರದ ವಿಜಯ್ ಎಂಬಾತ ಕಾಗದ ಬರೆದ. ಅಲ್ಲಿ ಡೆರಿಕ್‌ನ ಅಭಿಮಾನಿಗಳು ಮೂರು ಜನ ಇದ್ದಾರೆ, ಹಳೆಯ ಎರಡು ರೆಕಾರ್ಡುಗಳಿವೆ ಎಂದ. ಮೂರನೆಯದು, ಕೊನೆಯದು, ಹಡಗಿನಲ್ಲಿ ಕೆಲಸ ಮಾಡುವ ನಮ್ಮ ಭಾವ ತಂದುಕೊಟ್ಟದ್ದು, ನನ್ನ ಹತ್ತಿರ ಇತ್ತು. ಮೂರು ವರ್ಷ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಂಡೆವು. ಮುಖ ನೋಡಿರಲಿಲ್ಲ.

ಆ ರೆಕಾರ್ಡನ್ನು ನಾನು ದಾರಿಯುದ್ದಕ್ಕೂ ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಭೀಮೆ ದಾಟಿದ ಮೇಲೆ ಜೊಂಪು ಹತ್ತಿತು. ಎಚ್ಚರಾದಾಗ ರೆಕಾರ್ಡು ಎದುರಿನ ದಪ್ಪ ಮೀಸೆಯ ಗೃಹಸ್ಥರ ತೊಡೆಯ ಮೇಲಿತ್ತು. ಅದರ ಮೇಲೆ ಎರಡು ಜೋಳದ ರೊಟ್ಟಿ, ಒಂದು ಗುಡ್ಡೆ ಶೇಂಗಾ ಚಟ್ನಿ. ಚಟ್ನಿ ಸರಿಯಾಗಿ ರೆಕಾರ್ಡಿನ ಹೊದಿಕೆಯ ಚಿತ್ರದಲ್ಲಿದ್ದ ಡೆರಿಕ್‌ನ ಹಣೆಯ ಮೇಲಿತ್ತು.

"ಭಾಳ ಛಲೋ ತಾಟ ಅದರಿ ಇದು. ಎಲ್ಲಿ ಸಿಗತದ?" ಎಂದರು ಅವರು.

ನಾನು ಜಗಳಕ್ಕೆ ಬಾಯಿ ತೆರೆದೆ. ಅವರು ಆ ಬಾಯಿಗೆ ರೊಟ್ಟಿ ಹಿಡಿದರು. ಮೈಸೂರಿನ ಕಡೆ ರೈಲಿನಲ್ಲಿ ಊಟ ಬಿಚ್ಚುವವರು ಗೋಡೆಯ ಕಡೆ ತಿರುಗಿ ತಿನ್ನುತ್ತಾರೆ. ಇಲ್ಲಿ ತಿನ್ನದವನನ್ನು ತಿನ್ನಿಸದೆ ಬಿಡುವುದಿಲ್ಲ. ಖಾರ ನೆತ್ತಿಗೇರಿ, ಕಣ್ಣು ಮೂಗು ಒಂದೇ ಸಮ ಸುರಿಯುತ್ತಿರುವಾಗಲೇ ಸೊಲ್ಲಾಪುರ ಬಂತು. ಪ್ಲಾಟ್‌ಫಾರ್ಮಿನ ಮೇಲೆ ಭುಜದವರೆಗೆ ಕೂದಲು ಬಿಟ್ಟ ಒಬ್ಬ ಯುವಕ ನಿಂತಿದ್ದ. ನನ್ನ ಮುಖ ನೋಡಿದವನೇ ಓಡಿಬಂದು ತಬ್ಬಿಕೊಂಡು, "ಅಳಕೋತ ಬಂದಾನ! ಮೈಸೂರಿಂದ ಅಳಕೋತ ಬಂದಾನ!" ಎಂದು ತಾನೂ ಅಳತೊಡಗಿದ. ಅದು ಚಟ್ನಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮೂರು ವರ್ಷ ಇಂಗ್ಲಿಷ್ ಬರೆದ ಮನುಷ್ಯನ ಮನೆಮಾತು ಕನ್ನಡ ಎಂದು ನನಗೆ ಆಗ ಗೊತ್ತಾಯಿತು. ಅವನಿಗೆ ಕನ್ನಡ ಓದಲು ಬಾರದು, ಅವನ ಶಾಲೆ ಮರಾಠಿಯದು. ಅದಕ್ಕೇ ಇಂಗ್ಲಿಷ್. ನನ್ನ ಕನ್ನಡ ಕೇಳಿ ಅವನು, "ನೀವು ಪುಸ್ತಕದಾಗಿನ ಮಂದಿ ಮಾತಾಡಿಧಂಗ ಮಾತಾಡ್ತೀರಿ" ಎಂದ.

ನವಿ ಪೇಠ

ವಿಜಯ್‌ನ ಮನೆ ನವಿ ಪೇಠದಲ್ಲಿ. ಕೆಳಗೆ ಚಾದರು, ಧೋತರ, ಸೀರೆಗಳ ಅಂಗಡಿ, ಮೇಲೆ ಸಂಸಾರ. ಅಂಗಡಿಯ ಯಜಮಾನರು ಅವನ ತಂದೆ ಪಾಂಡುರಂಗಶೇಟರು. ಹತ್ತು ದಿನದ ಹಿಂದೆ ಮಾಲು ಖರೀದಿಗೆ ಸೂರತ್ತಿಗೆ ಹೋದವರು ಮರುದಿನ ಮಧ್ಯಾಹ್ನ ಬರುವವರಿದ್ದರು. ತಾಯಿಯನ್ನು ಓಣಿಯೆಲ್ಲ ಕಾಕು ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಹಣೆಯ ಮೇಲೆ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ. ನನಗೆ ನೀರು ಕೊಡುವ ಮೊದಲೇ ತಮ್ಮ ಸಂಕಟ ಹೇಳಿದರು.

"ನೀವು ದೊಡ್ಡವರು ಕಾಣ್ತೀರಿ, ಇವಂಗೊಂದು ಮಾತ ಹೇಳ್ರಿ. ಅಕ್ಕಲಕೋಟದ ಹುಡುಗಿ, ಸುಮನ್ ಅಂತ. ನೋಡಾಕ ಹೋದಾಗ ಆಕಿ ಇವಂಗ ಒಂದ ಕೇಳಿದ್ಳು, ಕೂದಲಾ ಯಾಕ ಬಿಟ್ಟೀರಿ ಅಂತ. ಇಂವ ಅರ್ಧ ತಾಸು ಆ ಇಂಗ್ರೇಜಿ ಬಾಜಾದವನ ಕಥಿ ಹೇಳ್ಯಾನ. ಆಕಿ ಒಮ್ಮಿನೂ ಆಕಳಿಸಲಿಲ್ರಿ! ಅಂಥಾ ಹುಡುಗಿ ಎಲ್ಲಿ ಸಿಗ್ತಾಳ?"

ಹುಡುಗಿಯ ತಂದೆಗೂ ಒಪ್ಪಿಗೆ ಇತ್ತು. ಕೂದಲು ಕತ್ತರಿಸಿದರೆ ಸಾಕರಪುಡಾ, ಅಂದರೆ ಸಕ್ಕರೆ ಹಂಚಿ ನಿಶ್ಚಯ ಮಾಡುವುದು, ಎಂದಿದ್ದರು. ಶೇಟರು ಸೂರತ್ತಿಗೆ ಹೊರಡುವಾಗ ಮಗನಿಗೆ ಹೇಳಿಹೋಗಿದ್ದರು: "ನಾ ತಿರುಗಿ ಬರೂದ್ರಾಗ ಕೂದಲಾ ತಗದಿರಬೇಕು." ವಿಜಯ್‌ಗೆ ಆ ಹುಡುಗಿ ಬೇಕೇಬೇಕಾಗಿತ್ತು. ಡೆರಿಕ್‌ನ ಹಾಗೆ ಬೆಳೆಸಿದ ಕೂದಲೂ ಬೇಕಾಗಿತ್ತು.

ಅಷ್ಟರಲ್ಲಿ ಡೆರಿಕ್ ಸತ್ತ. ಸುದ್ದಿ ತಂದವನು ಕುಲಕರ್ಣಿ, ಅಭಿಮಾನಿಗಳಲ್ಲಿ ಹಿರಿಯ, ಅಂಚೆ ಕಚೇರಿಯ ಗುಮಾಸ್ತ, ನಲವತ್ತಕ್ಕೇ ತಲೆ ಬಯಲಾದವನು. ವಿಜಯ್‌ಗೆ ಬರುವ ಇಂಗ್ಲಿಷ್ ಪತ್ರಿಕೆಯನ್ನು ಅವನು ತಾನೇ ತಂದು, ದಾರಿಯಲ್ಲಿ ಓದಿಯೇ ಕೊಡುತ್ತಿದ್ದ. ಪತ್ರಿಕೆ ಹಡಗಿನಲ್ಲಿ ಬರುವುದರಿಂದ ಡೆರಿಕ್ ಸತ್ತು ಆಗಲೇ ಎರಡು ತಿಂಗಳಾಗಿತ್ತು. "ಅಡ್ಡಿ ಇಲ್ಲ. ದೂರದೇಶದ ಸಾವಿಗೆ ಸುದ್ದಿ ಕೇಳಿದ ದಿನದಿಂದ ಸೂತಕ. ನಾಳೆ ಹತ್ತನೇ ದಿವಸ" ಎಂದ ಕುಲಕರ್ಣಿ. ಮೂರನೆಯವನು ಮಿಲಿಂದ. ಕುಂಭಾರಿ ಹಳ್ಳಿಯಿಂದ ದಿನಾ ಬಟ್ಟೆ ಗಿರಣಿಗೆ ಬಂದು ಮಗ್ಗ ನಡೆಸುವವನು, ಬೌದ್ಧ, ಊರಿನ ಹಾಡಿನ ಮೇಳದಲ್ಲಿ ಢೋಲಕಿಯವನು. ಡೆರಿಕ್‌ನ ಏಳು ಮಾತ್ರೆಯ ತಾಳವನ್ನು ಇವರಲ್ಲಿ ಮೊದಲು ಹಿಡಿದವನೇ ಅವನು. ಉಳಿದವರು ಅವನ ಬೆರಳು ನೋಡಿ ತಲೆದೂಗುತ್ತಿದ್ದರು.

ಹತ್ತನೇ ದಿನ ಏನು ಮಾಡಬೇಕೆಂದು ಅಂದು ಸಂಜೆ ಸಭೆ ಕೂಡಿತು. ನಾನು ರೆಕಾರ್ಡು ಹಾಕೋಣ ಎಂದೆ. "ಸೂತಕದಾಗ ಬಾಜಾ ಬಾರಸ್ತಾರೇನ್ರಿ? ನಾಳೆ ವಿಧಿ ಮುಗೀಲಿ" ಎಂದು ಕುಲಕರ್ಣಿ ಬಾಯಿ ಮುಚ್ಚಿಸಿದ. ಯಾರಾದರೊಬ್ಬರು ಕರ್ತೃವಾಗಿ ತಲೆ ಬೋಳಿಸಿಕೊಳ್ಳಲೇಬೇಕಂತೆ.

"ನಮ್ಮೊಳಗ ಬೋಳು ಗೀಳು ಎಲ್ಲಾ ನಮ್ಮಪ್ಪನ ಕಾಲಕ್ಕ ಬಿಟ್ಟೀವಿ. ಬಿಳಿ ಅಂಗಿ ಹಾಕ್ಕೊಂಡು ಒಂದು ಮೇಣಬತ್ತಿ ಹಚ್ರಿ, ಸುಮ್ನ ನಿಂದರ್ರಿ. ಅಷ್ಟ ಸಾಕು" ಎಂದ ಮಿಲಿಂದ. ಅಂದಿನ ಸಭೆಯಲ್ಲಿ ಬುದ್ಧಿವಂತಿಕೆಯ ಮಾತು ಅದೊಂದೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತೊಡಕು ಇದ್ದದ್ದು ಇದು: ತಂದೆ ಬದುಕಿರುವವನು ತಲೆ ಬೋಳಿಸಿಕೊಳ್ಳುವಂತಿಲ್ಲ. ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಬೋಳುತಲೆಯ ಮಗ ಎಂದರೆ ತಂದೆ ಹೋದ ಎಂದೇ ಅರ್ಥ. ನನ್ನ ತಂದೆ ಬದುಕಿದ್ದರು. ಕುಲಕರ್ಣಿಯ ತಂದೆ ತೀರಿಕೊಂಡಿದ್ದರು, ಆದರೆ ಅವನು ತನ್ನ ಬೋಳುಬಯಲನ್ನು ಸವರಿಕೊಂಡು, "ನನ್ನ ತಲ್ಯಾಗ ಕೊಡಾಕ ಏನದ?" ಎಂದ. ಸ್ವಲ್ಪ ಯೋಚಿಸಿ, "ಗುರುವಿನ ಸಲುವಾಗಿ ಮಾಡಬಹುದು, ಶಾಸ್ತ್ರದಾಗ ಅವಕಾಶ ಅದ" ಎಂದು ಕಿಂಡಿಯೊಂದನ್ನು ಹುಡುಕಿದ.

ವಿಜಯ್‌ನ ಮುಖ ಬೆಳಗಿತು. "ಹೆಂಗೂ ಕೂದಲಾ ತಗೀಬೇಕು. ಕತ್ತರಿಸಿದ್ರ ಅಪ್ಪಗ ಸೋತಂಗ. ಬೋಳಿಸಿದ್ರ ಡೆರಿಕ್‌ಗ ಕೊಟ್ಟಂಗ."

ನನಗೂ ಅದು ಸರಿಯೆನಿಸಿತು. ನಾನು ತಲೆದೂಗಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕೆರೆಯ ದಂಡೆ

ಬೆಳಿಗ್ಗೆ ಊರ ನಡುವಿನ ಕೆರೆಗೆ ಹೋದೆವು. ದಂಡೆಯಲ್ಲಿ ಕೂತ ಕ್ಷೌರಿಕ ನವಿ ಪೇಠದ ಅರ್ಧ ಗಡ್ಡಗಳನ್ನು ಬಲ್ಲವನು, ವಿಜಯ್ ಕೂಸಾಗಿದ್ದಾಗ ಅವನ ಜಾವಳದ ಕೂದಲನ್ನು ತೆಗೆದವನೂ ಅವನೇ. ವಿಜಯ್ ಮುಂದೆ ಕೂತು ತಲೆ ಬಗ್ಗಿಸಿದಾಗ ಅವನ ಕೈಯ ಕತ್ತಿ ನಿಂತಿತು.

"ಯಾರು ಹೋದ್ರೋ, ತಮ್ಮಾ?"

ವಿಜಯ್ ಉತ್ತರ ಕೊಡಬೇಕಾದ ಹೊತ್ತಿಗೆ ಸರಿಯಾಗಿ ಬಿಕ್ಕಿದ. ಎರಡನೇ ಸಲ ಕೇಳಿದಾಗ ಇನ್ನೂ ಜೋರಾಗಿ ಬಿಕ್ಕಿದ. ಮೂರನೇ ಸಲ ಕ್ಷೌರಿಕ ಕೇಳಲಿಲ್ಲ. ಕಣ್ಣೊರೆಸಿಕೊಂಡು, "ಸೂರತ್ತಿನಾಗ ಆತೇನು... ಎಂಥಾ ಮನುಷ್ಯಾ" ಎಂದು ಗೊಣಗುತ್ತ ಕೆಲಸ ಶುರುಮಾಡಿದ. ನಾನು ಆಗ ಕುಲಕರ್ಣಿಗೆ ದರ್ಭೆ ಹಿಡಿದುಕೊಡುತ್ತಿದ್ದೆ. ಗೊಣಗಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಭುಜದವರೆಗಿದ್ದ ಕೂದಲು ಒಂದು ಹಳೆಯ ಪತ್ರಿಕೆಯ ಮೇಲೆ ಗುಡ್ಡೆಯಾಯಿತು. ವಿಜಯ್ ನಿಂತಾಗ ಅವನ ಕಿವಿಗಳು ಅಷ್ಟು ದೊಡ್ಡವೆಂದು ಎಲ್ಲರಿಗೂ ಆಶ್ಚರ್ಯವಾಯಿತು. ಕ್ಷೌರಿಕ ಮಾತ್ರ ತನ್ನ ಪೆಟ್ಟಿಗೆ ಮುಚ್ಚಿ, ಬೇರೆ ಗಿರಾಕಿಗಳನ್ನೂ ಬಿಟ್ಟು, ಪೇಠದ ದಾರಿ ಹಿಡಿದ.

ಕುಲಕರ್ಣಿ ಪಿಂಡ ಇಡಿಸಿದ. ಗೋತ್ರ ಯಾವುದು ಎಂಬ ಪ್ರಶ್ನೆ ಬಂತು. ಗೋತ್ರ ತಿಳಿಯದವರೆಲ್ಲ ಕಾಶ್ಯಪ ಗೋತ್ರದವರು ಎಂದು ನಿಯಮವಿದೆಯಂತೆ. ಹಾಗಾಗಿ ಇಂಗ್ಲೆಂಡಿನಲ್ಲಿ ಹುಟ್ಟಿದ ಡೆರಿಕ್ ಹಾಲೋವೆಲ್ ಸೊಲ್ಲಾಪುರದ ಕೆರೆಯ ದಂಡೆಯಲ್ಲಿ ಕಾಶ್ಯಪ ಗೋತ್ರೋತ್ಪನ್ನನಾದ.

ಇನ್ನು ಕಾಗೆ ಮುಟ್ಟಬೇಕು. ಕಾಗೆಗಳು ಹತ್ತಿಪ್ಪತ್ತು ಇದ್ದವು, ಒಂದೂ ಹತ್ತಿರ ಬರಲಿಲ್ಲ. ಸತ್ತವನ ಆಸೆ ಏನೋ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ಆ ಆಸೆ ತೀರಿಸುತ್ತೇವೆಂದು ಮಾತು ಕೊಡಬೇಕು. ವಿಜಯ್ ಕೈ ಮುಗಿದು, "ನಿಮ್ಮ ಅರ್ಧಾ ಆದ ಹಾಡು ನಾವು ಪೂರಾ ಮಾಡ್ತೀವಿ" ಎಂದ. ಕಾಗೆ ಕದಲಲಿಲ್ಲ. ಅದಕ್ಕೂ ನಮ್ಮ ಯೋಗ್ಯತೆ ತಿಳಿದಿತ್ತು. ಕುಲಕರ್ಣಿ, "ನಿಮ್ಮ ತಂಡದವರು ಒಡೀದಂಗ ನೋಡ್ಕೋತೀವಿ" ಎಂದ. ಇಲ್ಲ. ಬಿಸಿಲು ಏರಿತು. ಒಂದು ತಾಸು ಹೋಯಿತು. ಕೊನೆಗೆ ಮಿಲಿಂದ, "ಅಂವ ಅನ್ನ ಉಣ್ಣೋ ಮನುಷ್ಯಾ ಅಲ್ರೋ" ಎಂದು ಎದ್ದು ಹೋಗಿ ಒಂದು ಪಾವ್ ಬ್ರೆಡ್ಡು ತಂದು ಮುರಿದಿಟ್ಟ. ಕಾಗೆ ಬಂದು ಎತ್ತಿಕೊಂಡು ಹೋಯಿತು.

ಕುಲಕರ್ಣಿಗೆ ಸಮಾಧಾನವಾಯಿತು. ಆದರೆ ಆ ಒಂದು ತಾಸು ಕ್ಷೌರಿಕನಿಗೆ ಬೇಕಾದಷ್ಟಾಗಿತ್ತು.

ಬಾಗಿಲು ಹಾಕಿದ ಪೇಠ

ನಾವು ತಿರುಗಿ ಬಂದಾಗ ನವಿ ಪೇಠದಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. "ಯಾವ ಪಾರ್ಟಿದು ಬಂದ್?" ಎಂದ ಮಿಲಿಂದ. ವ್ಯಾಪಾರಿಗಳು ತಮ್ಮ ತಮ್ಮ ಕಟ್ಟೆಯ ಮೇಲೆ ನಿಂತಿದ್ದರು. ವಿಜಯ್‌ನ ತಲೆ ಕಂಡೊಡನೆ ಕೈ ಮುಗಿದರು. ಒಬ್ಬರು ಮುಂದೆ ಬಂದು ಅವನ ಭುಜ ಹಿಡಿದು, "ಭಾಳ ದೊಡ್ಡ ಮನುಷ್ಯಾ ಹೋದ. ಅಂಥಾವರು ಮತ್ತ ಹುಟ್ಟೂದಿಲ್ಲ" ಎಂದರು.

ವಿಜಯ್ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರು. "ನೋಡ್ರಿ ರಾಯರ, ನಾ ಈ ಮಂದಿಗೆ ತಿಳಿಯೂದಿಲ್ಲ ಅಂತಿದ್ದೆ. ಡೆರಿಕ್‌ಗ ನವಿ ಪೇಠ ಬಂದ್ ಆಗ್ಯದ!"

ನಾನೂ ನಂಬಿದೆ. ಮೈಸೂರಿನ ಜನ ಎಷ್ಟು ಹಿಂದುಳಿದವರು ಎಂದು ನಾಚಿಕೆಯೂ ಪಟ್ಟೆ. ಇಡೀ ಪೇಠದ ನಡುವೆ ನಾವು ನಾಲ್ವರು ತಲೆ ತಗ್ಗಿಸಿ, ಎರಡೂ ಕಡೆಯ ನಮಸ್ಕಾರಗಳನ್ನು ಸ್ವೀಕರಿಸುತ್ತ ನಡೆದೆವು. ಮನೆಯ ಮುಂದೆ ಚಪ್ಪಲಿಗಳ ರಾಶಿ ಕಂಡಾಗ ಮಿಲಿಂದ ನಿಂತ. "ಏನೋ ಗಡಬಡ ಆಗ್ಯದ" ಎಂದ.

ಮೇಲೆ ಹೆಂಗಸರು ತುಂಬಿದ್ದರು. ನಡುವೆ ಕಾಕು ಗೋಡೆಗೆ ಒರಗಿ ಕೂತಿದ್ದರು. ಬಲಗೈಯ ಅಂಗೈಯನ್ನು ಹಣೆಯ ಕುಂಕುಮದ ಮೇಲೆ ಒತ್ತಿ ಹಿಡಿದಿದ್ದರು. ಒಬ್ಬ ಮುದುಕಿ ಆ ಕೈ ಬಿಡಿಸಲು ನೋಡುತ್ತಿದ್ದಳು. "ನಾ ಕಣ್ಣೀಲೆ ನೋಡೂತನಕಾ ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಕಾಕು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು. ಆಗ ವಿಜಯ್ ಒಳಗೆ ಬಂದ. ಅವರು ಮಗನ ತಲೆ ನೋಡಿದರು. ಅವರ ಕೈ ಹಣೆಯಿಂದ ತಾನಾಗಿ ಜಾರತೊಡಗಿತು.

ನನಗೆ ಆಗ ತಿಳಿಯಿತು. ಜೀವನದಲ್ಲಿ ಅಷ್ಟು ಸಣ್ಣವನಾದದ್ದು ನನಗೆ ನೆನಪಿಲ್ಲ. "ಅಮ್ಮಾ, ಅವರು ತೀರಿಕೊಂಡಿಲ್ಲ, ತೀರಿಕೊಂಡವರು ಬೇರೆಯವರು!" ಎಂದು ಕೂಗಿದೆ. ಅಷ್ಟು ಅಳುವಿನಲ್ಲಿ ಪುಸ್ತಕದ ಕನ್ನಡ ಯಾರಿಗೆ ಕೇಳಿಸಬೇಕು? ಮಿಲಿಂದ ಮರಾಠಿಯಲ್ಲೂ ಕೂಗಿದ. ವಿಜಯ್‌ಗೆ ಇನ್ನೂ ಅರ್ಥವಾಗಿರಲಿಲ್ಲ. ಅವನು ತಾಯಿಯ ಮುಂದೆ ಮೊಣಕಾಲೂರಿ, "ಅವ್ವಾ, ನೀನೂ ಅಳಾಕತ್ತಿಯಾ ಅವನ ಸಲುವಾಗಿ?" ಎಂದ.

ಅದೇ ಹೊತ್ತಿಗೆ ಪಾಂಡುರಂಗಶೇಟರು ಸ್ಟೇಷನ್ನಿನಿಂದ ಟಾಂಗಾದಲ್ಲಿ ಬಂದಿಳಿದರು. ಪೇಠ ಮುಚ್ಚಿದ್ದು ನೋಡಿ, ಯಾರೋ ಹಿರಿಯರು ಹೋದರೆಂದು ತಿಳಿದು, ವ್ಯಾಪಾರಸ್ಥರ ರೀತಿಯಂತೆ ತಲೆಯ ಟೊಪ್ಪಿಗೆ ತೆಗೆದು, ಸಾಲಿನಲ್ಲಿ ಹೋಗುತ್ತಿದ್ದ ಜನರ ಹಿಂದೆ ತಾವೂ ನಡೆದರು. ಸಾಲು ತಮ್ಮ ಮನೆಯ ಮೆಟ್ಟಿಲು ಹತ್ತತೊಡಗಿದಾಗ ಮುಂದಿನವನ ಬೆನ್ನು ತಟ್ಟಿ, "ಯಾರು ಹೋದ್ರು?" ಎಂದು ಕೇಳಿದರು. ಅವನು ತಿರುಗಿ ನೋಡಿ ಅಲ್ಲೇ ಕುಸಿದು ಕೂತ.

ಅವರು ಒಳಗೆ ಬಂದಾಗ ಹೆಂಗಸರು ದಾರಿ ಬಿಟ್ಟು ಸರಿದರು. ಕಾಕು ಗಂಡನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದರು. ಎದ್ದು ಸೆರಗು ಸರಿಮಾಡಿಕೊಂಡರು.

"ಊಟ ಆಗ್ಯದೇನು?" ಎಂದರು.

"ಇಲ್ಲ" ಎಂದರು ಶೇಟರು.

"ಕೈಕಾಲ ತೊಳ್ಕೋರಿ."

ಮಗನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಶೇಟರು ನೋಡಿದರು. "ನೀವ ತಗೀ ಅಂದಿದ್ರಿ, ಅಪ್ಪಾ" ಎಂದ ವಿಜಯ್. ಶೇಟರು ಸೂಟ್‌ಕೇಸಿನ ಮೇಲೆಯೇ ಕೂತುಬಿಟ್ಟರು.

ಸಾವಿಗೆ ಹಾಕಿದ ಬಾಗಿಲನ್ನು ಹೊತ್ತು ಮುಳುಗುವ ಮುಂಚೆ ತೆರೆಯುವಂತಿಲ್ಲ. ಹಾಗಾಗಿ ಪೇಠ ಮುಚ್ಚಿಯೇ ಇತ್ತು. ಊಟ ಮಾಡಿ ಶೇಟರು ಕೆಳಗೆ ಕಟ್ಟೆಯ ಮೇಲೆ ಕೂತರು. ಜನ ಬಂದು ಅವರನ್ನು ಮುಟ್ಟಿ ನೋಡಿ ಹೋದರು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಎದುರಂಗಡಿಯ ವ್ಯಾಪಾರಿ ತಾನು ಎಲ್ಲರಿಗಿಂತ ಹೆಚ್ಚು ಅತ್ತದ್ದನ್ನು ನಾಚಿಕೊಂಡು ಹೇಳಿದ. "ಮತ್ತೇನಂದ್ರಿ ನನ್ನ ಬಗ್ಗೆ?" ಎಂದು ಶೇಟರು ಎಲ್ಲರನ್ನೂ ಕೇಳುತ್ತಿದ್ದರು. ಅವರ ಸಿಟ್ಟು ಸ್ವಲ್ಪ ಇಳಿಯುತ್ತಿದೆ ಎಂದು ನನಗನಿಸುವಷ್ಟರಲ್ಲಿ ಎದುರಂಗಡಿಯವನು ಇನ್ನೊಂದು ಸುದ್ದಿ ಹೇಳಿದ. ಹುಡುಗಿಯ ತಂದೆ ಅಂದೇ ಅರಿವೆ ಕೊಳ್ಳಲು ಪೇಠಕ್ಕೆ ಬಂದಿದ್ದರು. ಮುಚ್ಚಿದ ಬಾಗಿಲು ನೋಡಿ, ಸುದ್ದಿ ಕೇಳಿ, ಹಣೆ ಹಣೆ ಬಡಿದುಕೊಂಡು ಅಕ್ಕಲಕೋಟದ ಬಸ್ಸು ಹತ್ತಿ ಹೋಗಿಬಿಟ್ಟಿದ್ದರು.

ಸತ್ತ ಮನೆಯೊಂದಿಗೆ ಯಾರೂ ಸಾಕರಪುಡಾ ಮಾಡುವುದಿಲ್ಲ. ಸತ್ತಿಲ್ಲ ಎಂದರೆ ಬದುಕಿದ ತಂದೆಗೆ ತಲೆ ಬೋಳಿಸಿದ ಹುಚ್ಚನಿಗೆ ಹುಡುಗಿ ಕೊಡುವುದಿಲ್ಲ. ಕಾಕು ಅಡುಗೆಮನೆಯ ಗೋಡೆಗೆ ಹೇಳಿದರು: "ಆ ಹುಡುಗಿ ಕೈ ತಪ್ಪಿದ್ರ, ಇಂವ ನನ್ನ ಎದುರು ತಾಟಿಗೆ ಕೂಡೂದು ಬ್ಯಾಡ."

ವಿಜಯ್ ಆ ರಾತ್ರಿ ಉಣ್ಣಲಿಲ್ಲ.

ಅಕ್ಕಲಕೋಟದ ಎಸ್‌ಟಿ

ಮರುದಿನ ಬೆಳಿಗ್ಗೆ ಬದುಕಿದ ತಂದೆಯನ್ನು ತೋರಿಸಿಬರಲು ಎಸ್‌ಟಿ, ಅಂದರೆ ಅಲ್ಲಿಯ ಸರ್ಕಾರಿ ಬಸ್ಸು, ಹತ್ತಿ ಹೊರಟೆವು. ಶೇಟರು ಎಲ್ಲರಿಗೂ ಕಾಣಲೆಂದು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಅವರ ಪಕ್ಕ ವಿಜಯ್, ತಲೆಗೆ ಟವೆಲು ಸುತ್ತಿಕೊಂಡು. ನಾನೂ ಕುಲಕರ್ಣಿಯೂ ಹಿಂದೆ, ಆಪಾದಿತರ ಹಾಗೆ. ಕುಂಭಾರಿಯಲ್ಲಿ ಮಿಲಿಂದ ಹತ್ತಿದ. ಗಿರಣಿಯ ಪಾಳಿ ಬಿಟ್ಟು ಬಂದಿದ್ದ. "ನಾನ ಒಬ್ಬಾವ ಬ್ಯಾಡ ಅಂದಾವ. ಸಾಕ್ಷಿಗೆ ಇರ್ಲಿ ಅಂತ ಬಂದೆ" ಎಂದ.

ಶೇಟರು ದಾರಿಯಲ್ಲಿ ಒಂದು ಉಪಾಯ ಕಂಡುಹಿಡಿದರು. ಅಕ್ಕಲಕೋಟದ ಸ್ವಾಮಿಗಳಿಗೆ ಹರಕೆ ಹೊತ್ತು ಮುಡಿ ಕೊಟ್ಟ ಎಂದುಬಿಡುವುದು. "ಅಕ್ಕಲಕೋಟದಾಗ ಯಾರೂ ಮುಡಿ ಹರಕೆ ಹೊರೂದಿಲ್ರಿ. ಅಲ್ಲಿ ಮಂದಿಗೇ ಹೋಗಿ ಅದನ್ನ ಹೇಳ್ತೀರೇನು?" ಎಂದ ಕುಲಕರ್ಣಿ. ಶೇಟರು ಹಿಂದೆ ತಿರುಗಿ ಅವನನ್ನು ನೋಡಿದ ನೋಟಕ್ಕೆ ಕಂಡಕ್ಟರನೂ ಸರಿದು ನಿಂತ. ಹೇಳಲು ಒಂದು ಸುಳ್ಳೂ ಇಲ್ಲದೆ ನಾವು ಇಳಿದೆವು.

ಹುಡುಗಿಯ ಮನೆಯವರು ಅದೇ ಹೊತ್ತಿಗೆ ಸೊಲ್ಲಾಪುರಕ್ಕೆ ಹೊರಟು ಅಂಗಳದಲ್ಲಿ ನಿಂತಿದ್ದರು. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ನೆಂಟರು ಬುತ್ತಿ ಒಯ್ಯುತ್ತಾರೆ. ಕಡು ಘಾಸ, ಕಹಿ ತುತ್ತು, ಎನ್ನುತ್ತಾರೆ ಅದಕ್ಕೆ. ಆ ಬುತ್ತಿಯ ಗಂಟು ಹುಡುಗಿಯ ಅಜ್ಜಿಯ ಕಂಕುಳಲ್ಲಿತ್ತು. ಯಾರ ಸಾವಿಗೆ ರೊಟ್ಟಿ ಬಡಿದಿದ್ದಳೋ ಆ ಮನುಷ್ಯನೇ ಅಂಗಳಕ್ಕೆ ಬಂದು, "ರಾಮ ರಾಮ" ಎಂದ. ಅಜ್ಜಿ ಗಂಟು ಬಿಡಲಿಲ್ಲ. ಬಗ್ಗಿ ಶೇಟರ ಪಾದಗಳನ್ನು ಪರೀಕ್ಷಿಸಿದಳು. ದೆವ್ವವಾದರೆ ಹಿಮ್ಮಡಿ ಮುಂದೆ ಇರಬೇಕು.

"ನೆಟ್ಟಗ ಅದಾವ. ಖರೇ ಮನುಷ್ಯಾ" ಎಂದು ತನ್ನ ಮಗನಿಗೆ, ಹುಡುಗಿಯ ತಂದೆಗೆ, ತೀರ್ಪು ಕೊಟ್ಟಳು.

ಎಲ್ಲರೂ ಒಳಗೆ ಕೂತೆವು. ನೀರು ಬಂತು, ಚಹಾ ಬಂತು. ವಿಜಯ್ ಟವೆಲು ತೆಗೆಯಬೇಕಾಯಿತು. ಹುಡುಗಿಯ ತಂದೆ ಆ ತಲೆಯನ್ನು ಬಹಳ ಹೊತ್ತು ನೋಡಿ, ಗಂಟಲು ಸರಿಮಾಡಿಕೊಂಡು ಕೇಳಿದರು.

"ಶೇಟಜೀ, ನೀವಂತೂ ಇದ್ದೀರಿ, ಛಲೋ ಆತು. ಮತ್ತ ಸತ್ತಾವರು ಯಾರು?"

ನಾನು ನೆಲ ನೋಡಿದೆ. ಶೇಟರು ಮಗನ ಕಡೆ ತಿರುಗಿದರು. ನಿನ್ನೆಯಿಂದ ಉಣ್ಣದೆ ಬಾಡಿದ ಮುಖ, ಬಿಸಿಲಿಗೆ ಕೆಂಪಾದ ಬೋಳು ನೆತ್ತಿ. ಅವರು ಚಹಾದ ಬಸಿಯನ್ನು ಕೆಳಗಿಟ್ಟರು.

"ನಮ್ಮವರ ಒಬ್ರು. ವಿಲಾಯತಿಯೊಳಗ ಇದ್ರು" ಎಂದರು.

"ಏನಾಗಬೇಕು ನಿಮಗ?"

"ಮಗನ ಕಡಿಂದ ಸಂಬಂಧ."

ಮಗನಿಗೆ ಮದುವೆಯೇ ಆಗಿಲ್ಲ, ಅವನ ಕಡೆಯಿಂದ ಯಾವ ಸಂಬಂಧ ಎಂದು ಹುಡುಗಿಯ ತಂದೆ ಲೆಕ್ಕ ಹಾಕುತ್ತಿರುವಾಗ ಒಳಬಾಗಿಲಿನಿಂದ ಒಂದು ದನಿ ಬಂತು.

"ಡೆರಿಕ್ ಹೋದ್ರೇನು?"

ಸುಮನ್ ಹೊಸ್ತಿಲ ಮೇಲೆ ನಿಂತಿದ್ದಳು. ಒಂದೇ ಒಂದು ಸಲ, ಅದೂ ಹೆಣ್ಣು ನೋಡುವ ದಿನ, ಕೇಳಿದ ಹೆಸರು. ವಿಜಯ್ ತಲೆಯೆತ್ತಿ ಅವಳನ್ನು ನೋಡಿ ಹೂಂ ಎಂದವನು, ಮರುಕ್ಷಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಕೆರೆಯ ದಂಡೆಯ ಬಿಕ್ಕಿನಂತೆ ಇರಲಿಲ್ಲ ಅದು.

ಅಜ್ಜಿಗೆ ಇನ್ನು ಬೇರೆ ಪುರಾವೆ ಬೇಕಾಗಲಿಲ್ಲ. ಗಂಡಸರನ್ನು ಸರಿಸಿ ವಿಜಯ್‌ನ ಮುಂದೆ ಬಂದು ಕೂತು, ಅವನ ಮೊಣಕಾಲು ಹಿಡಿದು, ಆ ಕಡೆಯ ಹೆಂಗಸರು ಸತ್ತವರನ್ನು ಹಾಡಿಕೊಂಡು ಅಳುವಂತೆ ಅಳಲು ಶುರುಮಾಡಿದಳು. "ಎಲ್ಲಿಗಿ ಹೋದ್ಯೋ ನನ್ನಪ್ಪಾ, ಡೆರಿಕಪ್ಪಾ! ಬಾಜಾ ಇಲ್ಲೇ ಬಿಟ್ಟು ಎಲ್ಲಿಗಿ ಹೋದ್ಯೋ!" ನನಗೆ ಮೊದಲು ನಗು ಬಂತು. ಆಮೇಲೆ ನಾನೂ ಕಣ್ಣೊರೆಸಿಕೊಂಡೆ. ಆ ದಿನದವರೆಗೆ ನಾವು ನಾಲ್ವರು ಡೆರಿಕ್‌ನ ಬಗ್ಗೆ ಆಡಿದ್ದೆಲ್ಲ ಮಾತು. ಅಳು ಇದು.

ನಡುವೆ ಅಜ್ಜಿ ಥಟ್ಟನೆ ನಿಲ್ಲಿಸಿ, ಮುಂದಿನ ಸಾಲಿಗೆ ಬೇಕಾಗಿ, "ಅವರವ್ವ ಅದಾಳೇನು?" ಎಂದು ಕೇಳಿದಳು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಡೆರಿಕ್ ಯಾವ ಆರ್ಗನ್ನಿಗೆ ಯಾವ ವರ್ಷ ಎಷ್ಟು ಗುಂಡಿ ಹಾಕಿಸಿದ ಎಂದು ಕುಲಕರ್ಣಿ ಹೇಳಬಲ್ಲ. ಅವನ ತಾಯಿ ಇದ್ದಾಳೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ. "ಇದ್ದಾಳು ಅಂತ ಅನ್ಕೊಳ್ರಿ" ಎಂದ ಮಿಲಿಂದ ಮೆಲ್ಲಗೆ. ಅಜ್ಜಿ ಇದ್ದಾಳೆಂದೇ ಹಾಡಿ ಮುಗಿಸಿದಳು.

ಮೂಗೊರೆಸಿಕೊಂಡು ಆಮೇಲೆ ವ್ಯವಹಾರಕ್ಕೆ ಬಂದಳು. "ಹುಡುಗ ಹುಚ್ಚ ಅಲ್ಲ. ಮಾಯಾ ಮಮತಾ ಭಾಳ ಅದ. ಸಂಬಂಧ ನಮಗ ಒಪ್ಪಿಗಿ" ಎಂದಳು. ಶೇಟರು ಬಸಿ ಎತ್ತಿಕೊಳ್ಳುವಷ್ಟರಲ್ಲಿ, "ಆದರ ನೀವ ನಮ್ಮವರು ಸತ್ತಾರ ಅಂದೀರಿ. ಮನ್ಯಾಗ ಸಾವು ಆದಮ್ಯಾಲ ವರ್ಷತನಕ ಲಗ್ನ ಇಲ್ಲ. ವರ್ಷ ಮುಗೀಲಿ, ತಲಿಗೆ ಕೂದಲಾನೂ ಬರಲಿ" ಎಂದಳು. ಶೇಟರಿಗೆ ಎದುರಾಡಲು ದಾರಿ ಇರಲಿಲ್ಲ. ಬುತ್ತಿಯ ಗಂಟನ್ನು ಅವರ ಮಡಿಲಿಗೇ ಇಟ್ಟಳು.

ಮತ್ತೆ ನವಿ ಪೇಠ

ಸಂಜೆ ಬಂದಾಗ ಕಾಕು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಶೇಟರು ನಡೆದದ್ದೆಲ್ಲ ಹೇಳಿದರು. ವರ್ಷ ಎಂದಾಗ ಕಾಕುವಿನ ಮುಖ ಬಿಗಿಯಿತು. ಒಪ್ಪಿಗೆ ಎಂದಾಗ ಸಡಿಲಾಯಿತು. ಮಗನ ಜೊತೆ ಮಾತಿಲ್ಲ. ಗಂಟು ಬಿಚ್ಚಿ ರೊಟ್ಟಿ, ಝುಣಕ ಬಡಿಸಿದರು. ವಿಜಯ್ ಬಾಗಿಲಲ್ಲೇ ನಿಂತಿದ್ದ. ಎದುರಂಗಡಿಯ ವ್ಯಾಪಾರಿಯೂ ಇನ್ನಿಬ್ಬರೂ, ವಿಲಾಯತಿಯ ನೆಂಟ ತೀರಿದ್ದಾರೆಂದು ಅಷ್ಟರಲ್ಲೇ ತಿಳಿದು, ತಮ್ಮ ಮನೆಯಿಂದಲೂ ಬುತ್ತಿ ತಂದು ಗೋಡೆಗೆ ಕೂತಿದ್ದರು.

ಶೇಟರು ನಮ್ಮ ಕಡೆ ತಿರುಗಿದರು. "ಮಂದಿ ಬಂದಾರ. ಅಂವ ಏನು ಬಾರಸ್ತಿದ್ದಾ, ಹಚ್ರಿ. ಕೇಳಲಿ."

ನಾನು ಕೊನೆಯ ರೆಕಾರ್ಡನ್ನು ಹೊರತೆಗೆದು ವಿಜಯ್‌ನ ರೆಕಾರ್ಡ್ ಪ್ಲೇಯರಿಗೆ ಹಾಕಿದೆ. ಮೊದಲು ಚರ್ಚು, ಆಮೇಲೆ ಗಿರಣಿ. ವ್ಯಾಪಾರಿಗಳು ಭಜನೆಗೆ ಕೂತಂತೆ ಕಣ್ಣು ಮುಚ್ಚಿ ಕೂತಿದ್ದರು. ಮಿಲಿಂದನ ಬೆರಳು ನೆಲದ ಮೇಲೆ ಏಳು ಏಳು ಎಣಿಸುತ್ತಿತ್ತು. ಮುಗಿಯಿತು ಎಂದು ಎದುರಂಗಡಿಯವನು ಎರಡು ಸಲ ಏಳಲು ಹೋಗಿ ಎರಡು ಸಲವೂ ಕೂತ. ಇಪ್ಪತ್ತಮೂರು ನಿಮಿಷದ ಮೇಲೆ ಮುಳ್ಳು ಕೊನೆಯ ಗೆರೆ ತಲುಪಿ ಕರಕರ ಎಂದಿತು.

"ಪಾಪ," ಎಂದರು ಶೇಟರು ದೀರ್ಘ ಉಸಿರು ಬಿಟ್ಟು, "ಭಾಳ ಕಷ್ಟಪಟ್ಟಾನ."

ಕಾಕು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದನ್ನು ನಾನು ಆಗ ನೋಡಿದೆ. ಅವರು ಮಗನನ್ನೇ ನೋಡುತ್ತಿದ್ದರು. ನಿನ್ನೆಯಿಂದ ಮೊದಲ ಸಲ.

"ಎಷ್ಟು ವಯಸ್ಸಾಗಿತ್ತು ಆ ಹುಡುಗಗ?"

"ಇಪ್ಪತ್ತೊಂಬತ್ತು, ಅವ್ವಾ."

ಅವರು ಒಂದು ತಾಟು ತಂದು ತಮ್ಮ ಎದುರಿಗೆ ಇಟ್ಟು, ಅದರಲ್ಲಿ ರೊಟ್ಟಿ ಹಾಕಿ, ವಿಜಯ್‌ಗೆ ಕೂಡು ಎಂದು ಕಣ್ಣಲ್ಲೇ ಹೇಳಿದರು. ಅವನು ಕೂತ ಮೇಲೆ ನನ್ನ ಕಡೆ ತಿರುಗಿದರು.

"ಅದಕ್ಕ ಇನ್ನೊಂದು ಬದಿ ಅದ ಅಲ್ರಿ? ಅದನ್ನೂ ಹಚ್ರಿ."